ಆರು ಜನ ಹತ್ತಿದರೆ ದೋಣಿ ಏಳುವುದೇ ಇಲ್ಲ. ತಪ್ಪು ಇಂಜಿನ್ನಿನದಾ, ದೋಣಿಯದಾ?

ಶರಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮೂರು ಹೊನ್ನಾವರ. ಚಿಕ್ಕಪ್ಪನ ಹತ್ತಿರ 19 ಅಡಿಯ ಫೈಬರ್ ದೋಣಿ ಒಂದಿದೆ. ಹಿಂದೆ 40 ಎಚ್‌ಪಿ ಔಟ್‌ಬೋರ್ಡ್ ಇಂಜಿನ್. ಅಳಿವೆಯ ಒಳಗೆ ಕಾಂಡ್ಲಾ ಕಾಡಿನ ಪಕ್ಕ ಪ್ರವಾಸಿಗಳನ್ನು ಸುತ್ತಿಸಿಕೊಂಡು ಬರುವ ಕೆಲಸ. ಶನಿವಾರ, ಭಾನುವಾರ ನಾನೇ ಓಡಿಸುತ್ತೇನೆ. ಉಳಿದ ದಿನ ಕಾಲೇಜು.

ಹೋದ ವರ್ಷದವರೆಗೆ ಆರು ಜನ ಪ್ರವಾಸಿಗಳು, ನಾನೊಬ್ಬ, ಒಟ್ಟು ಏಳು ಜನ ಇದ್ದರೂ ದೋಣಿ ಚೆನ್ನಾಗಿ ಏಳುತ್ತಿತ್ತು. ಪೂರ್ತಿ ವೇಗ ಕೊಟ್ಟರೆ ಮೊದಲು ಮೂತಿ ಎತ್ತುತ್ತಿತ್ತು, ಹತ್ತು ಎಣಿಸುವುದರೊಳಗೆ ಮೂತಿ ಇಳಿಸಿ ನೀರಿನ ಮೇಲೆ ಜಾರಲು ಶುರು. ಫೋನಿನ ಜಿಪಿಎಸ್‌ನಲ್ಲಿ ಗಂಟೆಗೆ 32 ಕಿ.ಮೀ. ತೋರಿಸುತ್ತಿತ್ತು.

ಈ ಸಲ ಮಳೆಗಾಲ ಮುಗಿದು ನೀರಿಗಿಳಿಸಿದ ಮೇಲೆ ಕತೆಯೇ ಬೇರೆ. ಮೂತಿ ಆಕಾಶ ನೋಡುತ್ತದೆ. ಹಿಂಭಾಗ ನೀರಲ್ಲಿ ಕೂತುಬಿಡುತ್ತದೆ. ಇಂಜಿನ್ ಗೋಳಿಡುತ್ತದೆ. 16-17ರ ಮೇಲೆ ಹೋಗುವುದೇ ಇಲ್ಲ. ನಾನು, ಇನ್ನೊಬ್ಬ ಇಬ್ಬರೇ ಇದ್ದರೆ ಏಳುತ್ತದೆ, ಅದೂ ಬೇಕೋ ಬೇಡವೋ ಎನ್ನುವಂತೆ. ಪೆಟ್ರೋಲ್ ಮಾತ್ರ ಮೊದಲಿಗಿಂತ ಜಾಸ್ತಿ.

ಇಂಜಿನ್ ಬಿಚ್ಚಿ ತೋರಿಸಿದ್ದೇವೆ. ಏನೂ ತೊಂದರೆ ಇಲ್ಲ ಅಂದರು. ಚಿಕ್ಕಪ್ಪ ಮಾತ್ರ "ಇದಕ್ಕೆ ವಯಸ್ಸಾಯ್ತು, 60 ಎಚ್‌ಪಿ ಹಾಕಿಬಿಡೋಣ" ಅನ್ನುತ್ತಿದ್ದಾರೆ. ಸಾಲ ಮಾಡಬೇಕಾಗುತ್ತದೆ. ಅದಕ್ಕೆ ಮುಂಚೆ ಇಲ್ಲಿ ಕೇಳೋಣ ಅಂತ.

ಇನ್ನೊಂದು, ಸುಮ್ನೆ ತಿಳಿದುಕೊಳ್ಳಲು: ದೋಣಿ ಹೀಗೆ ನೀರಿನಿಂದ ಮೇಲೆ ಏಳುವುದಾದರೂ ಯಾಕೆ? ವೇಗ ಹೆಚ್ಚಾದರೆ ನೀರು ಗಟ್ಟಿಯಾಗುತ್ತದೆ ಅಂತ ಒಬ್ಬರು ಹೇಳಿದರು. ನಿಜವಾ?

ಗಂಗೊಳ್ಳಿ ಬಲೆ

ಇಂಜಿನ್ ಓರೆ ಮಾಡುವ ಪಿನ್ ಎಷ್ಟನೇ ತೂತಿನಲ್ಲಿದೆ ನೋಡಿ ಮಾರಾಯ್ರೆ. ದೋಣಿಯ ಹಿಂದಿನ ಹಲಗೆಗೆ ಹತ್ತಿರದ ತೂತಿನಲ್ಲಿ ಹಾಕಿ. ಆಗ ಫ್ಯಾನು (ಪ್ರೊಪೆಲ್ಲರ್) ನೀರನ್ನು ಸ್ವಲ್ಪ ಕೆಳಮುಖವಾಗಿ ತಳ್ಳುತ್ತದೆ, ಹಿಂಭಾಗ ಏಳುತ್ತದೆ, ಮೂತಿ ಕೂರುತ್ತದೆ. ಪೆಟ್ರೋಲ್ ಟ್ಯಾಂಕ್ ಹಿಂದೆ ಇಟ್ಟಿದ್ದರೆ ಮುಂದೆ ತನ್ನಿ. ಹೊರಡುವಾಗ ಇಬ್ಬರನ್ನು ಮುಂದಿನ ಸೀಟಿಗೆ ಕಳಿಸಿ, ಎದ್ದ ಮೇಲೆ ವಾಪಸ್ ಕೂರಿಸಿ. ನಾವು ಬಲೆ ತುಂಬಿದ ದೋಣಿಯಲ್ಲಿ ಮಾಡುವುದೇ ಇದು. ಖರ್ಚು ಸೊನ್ನೆ.

ಒಂದು ಮಾತು. ಆ 16-17ರ ವೇಗದಲ್ಲಿ ಮೂತಿ ಎತ್ತಿಕೊಂಡೇ ಓಡಿಸಬೇಡಿ. ಓಡಿಸುವವನಿಗೆ ಮುಂದೆ ಏನೂ ಕಾಣುವುದಿಲ್ಲ. ಅತಿ ದೊಡ್ಡ ಅಲೆ ಏಳುವುದೂ ಅದೇ ವೇಗದಲ್ಲಿ. ನೀರಲ್ಲಿ ನಿಂತು ಚಿಪ್ಪಿ ಹೆಕ್ಕುವವರು, ಪಾತಿ ದೋಣಿಯವರು ನಿಮಗೆ ಬೈಯುತ್ತಿರುತ್ತಾರೆ. ಇಂಜಿನ್ ಸದ್ದಿನಲ್ಲಿ ನಿಮಗೆ ಕೇಳಿಸುವುದಿಲ್ಲ, ಅಷ್ಟೇ.

ಜಯನಗರ ನಾಲ್ಕನೇ ಬ್ಲಾಕ್

ದೋಣಿ ಓಡಿಸಿ ಗೊತ್ತಿಲ್ಲ, ಫಿಸಿಕ್ಸ್ ಓದಿದ್ದೇನೆ. ಇದು ಚಪ್ಪಟೆ ಕಲ್ಲನ್ನು ಕೆರೆಯ ಮೇಲೆ ಓರೆಯಾಗಿ ಎಸೆದಾಗ ಪುಟಿದುಕೊಂಡು ಹೋಗುತ್ತದಲ್ಲ, ಅದೇ ತತ್ವ. 2004ರಲ್ಲಿ ಫ್ರಾನ್ಸಿನ ಸಂಶೋಧಕರು ಯಂತ್ರದಿಂದ ಬಿಲ್ಲೆ ಎಸೆದು ನೋಡಿದ್ದರು. ಬಿಲ್ಲೆ ನೀರಿಗೆ ಸುಮಾರು 20 ಡಿಗ್ರಿ ಓರೆಯಾಗಿದ್ದರೆ ಅತಿ ಚೆನ್ನಾಗಿ ಪುಟಿಯುತ್ತದೆ ಅಂತ ಗೊತ್ತಾಯಿತು. ದೋಣಿಯ ವಿಷಯದಲ್ಲಿ ಅಡಿಯಲ್ಲಿ ಗಾಳಿ ನುಗ್ಗಿ ಅದೂ ಎತ್ತುತ್ತದೆ ಅನಿಸುತ್ತದೆ. ತಿಳಿದವರು ಹೇಳಲಿ.

ಹಳೇ ಮೆಕ್ಯಾನಿಕ್

ಶಾರ್ಜಾದ ಒಂದು ಫೈಬರ್ ದೋಣಿ ಯಾರ್ಡಿನಲ್ಲಿ 22 ವರ್ಷ ಇದ್ದೆ. ಮೊದಲ ನಾಲ್ಕು ವರ್ಷ ಬರೀ ಅಚ್ಚಿಗೆ ಮೇಣ ತಿಕ್ಕುವ ಕೆಲಸ. ಈಗ ಕುಮಟಾದಲ್ಲಿ ಮನೆಯಲ್ಲಿದ್ದೇನೆ. ತಮ್ಮಾ, ನಿನ್ನ ಎರಡನೇ ಪ್ರಶ್ನೆ ಮೊದಲು ತಗೊಳ್ಳುತ್ತೇನೆ. ಅದು ಅರ್ಥವಾದರೆ ಮೊದಲನೆಯದರ ಅರ್ಧ ಕೆಲಸ ಮುಗಿಯಿತು.

ನೀರು ಗಟ್ಟಿಯಾಗುವುದಿಲ್ಲ. ಪಕ್ಕಕ್ಕೆ ಸರಿಯಲು ಅದಕ್ಕೆ ಪುರುಸೊತ್ತು ಸಿಗುವುದಿಲ್ಲ, ಅಷ್ಟೇ. ಗಾಳಿಯೂ ಎತ್ತುವುದಿಲ್ಲ. ಅಡಿಯಲ್ಲಿ ಮೆಟ್ಟಿಲು ಬಿಟ್ಟ ಕೆಲವು ರೇಸ್ ದೋಣಿಗಳಲ್ಲಿ ಗಾಳಿ ಒಳಗೆ ಬಿಡುತ್ತಾರೆ. ಅದು ತಿಕ್ಕಾಟ ಕಡಿಮೆ ಮಾಡಲು. ಎತ್ತುವುದು ನೀರೇ.

ನಿಧಾನ ಹೋಗುವ ದೋಣಿ ನೀರನ್ನು ಸೀಳಿಕೊಂಡು ಹೋಗುತ್ತದೆ. ಮೂತಿಯಲ್ಲಿ ಒಂದು ಅಲೆ ಏಳುತ್ತದೆ, ಹಿಂದೆ ಇನ್ನೊಂದು. ವೇಗ ಹೆಚ್ಚಿದಂತೆ ಈ ಎರಡು ಅಲೆಗಳ ನಡುವಿನ ಅಂತರ ಹೆಚ್ಚುತ್ತದೆ. ನೀರಿನ ಅಲೆಗೆ ಒಂದು ಕಟ್ಟುಪಾಡಿದೆ: ಉದ್ದ ಅಲೆ ಬೇಗ ಓಡುತ್ತದೆ, ಗಿಡ್ಡ ಅಲೆ ನಿಧಾನ. ನಿನ್ನ ದೋಣಿ 19 ಅಡಿ ಅಂದರೆ ನೀರಿಗೆ ತಾಗಿರುವ ಉದ್ದ ಸುಮಾರು 5 ಮೀಟರ್. 5 ಮೀಟರ್ ಉದ್ದದ ಅಲೆ ಓಡುವುದು ಗಂಟೆಗೆ ಸುಮಾರು 10 ಕಿ.ಮೀ. ವೇಗದಲ್ಲಿ. ಅಂದರೆ 10ಕ್ಕೆ ಮುಟ್ಟಿದಾಗ ಮೂತಿ ಒಂದು ಅಲೆಯ ಮೇಲೆ, ಹಿಂಭಾಗ ಅದರ ಹಿಂದಿನ ಅಲೆಯ ಮೇಲೆ. ದೋಣಿ ನೆಟ್ಟಗಿರುತ್ತದೆ.

ಇನ್ನೂ ಪೆಟ್ರೋಲ್ ಕೊಟ್ಟೆ ಅನ್ನು. ಹಿಂದಿನ ಅಲೆ ದೋಣಿಯಿಂದ ಕಳಚಿಕೊಂಡು ಹಿಂದೆ ಉಳಿಯುತ್ತದೆ. ಹಿಂಭಾಗಕ್ಕೆ ಆಸರೆ ಹೋಯಿತು, ಅದು ತಗ್ಗಿಗೆ ಬಿತ್ತು. ಮೂತಿ ಮಾತ್ರ ಮುಂದಿನ ಅಲೆಯ ಮೇಲೆ. ಈಗ ದೋಣಿ ತಾನೇ ಎಬ್ಬಿಸಿದ ಗುಡ್ಡವನ್ನು ತಾನೇ ಹತ್ತಬೇಕು. ಹತ್ತಿದಷ್ಟೂ ಗುಡ್ಡ ಮುಂದೆ ಮುಂದೆ ಸರಿಯುತ್ತದೆ. ನೀನು 16-17ರಲ್ಲಿ ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. ನಮ್ಮ ಯಾರ್ಡಿನಲ್ಲಿ ಇದನ್ನು ಹಂಪ್ ಅನ್ನುತ್ತಿದ್ದೆವು. ರಸ್ತೆಯ ಹಂಪಿನ ಹಾಗೇ, ಆದರೆ ಇದು ನಿನ್ನ ಜೊತೆಗೇ ಓಡುವ ಹಂಪು.

ಹಡಗುಗಳು ಈ ಗುಡ್ಡ ಹತ್ತಲು ಹೋಗುವುದಿಲ್ಲ, ಉದ್ದವನ್ನೇ ಹೆಚ್ಚಿಸಿಕೊಳ್ಳುತ್ತವೆ. ಬಾತುಕೋಳಿಗೂ ಇದೇ ಕಾಟ. ಒಂದಡಿ ಉದ್ದದ ಹಕ್ಕಿ, ಎಷ್ಟು ಕಾಲು ಬಡಿದರೂ ಗಂಟೆಗೆ ಎರಡೂವರೆ ಕಿಲೋಮೀಟರ್ ದಾಟಲು ತಿಣುಕುತ್ತದೆ. ಇನ್ನೂ ಬೇಗ ಹೋಗಬೇಕಾದರೆ ರೆಕ್ಕೆ ಬಡಿದು ನೀರಿನ ಮೇಲೆ ಓಡುತ್ತದೆ. ಅದು ಗುಡ್ಡ ದಾಟುವ ಅದರ ಉಪಾಯ.

ಗುಡ್ಡ ದಾಟಿಸುವುದು ಯಾವುದು ಅಂದರೆ ಅಡಿಯ ಒತ್ತಡ. ದೋಣಿಯ ಅಡಿ ನೀರಿಗೆ ಸ್ವಲ್ಪ ಓರೆಯಾಗಿರುತ್ತದೆ. ಮುಂದೆ ಹೋಗುವಾಗ ಅದು ನೀರನ್ನು ಕೆಳಕ್ಕೆ ತಳ್ಳುತ್ತದೆ, ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ವೇಗ ಎರಡು ಪಟ್ಟಾದರೆ ಈ ಒತ್ತಡ ನಾಲ್ಕು ಪಟ್ಟು. ಗಂಟೆಗೆ 30 ಕಿ.ಮೀ. ವೇಗದಲ್ಲಿ ನೀರಿಗೆ ಎದುರಾಗಿ ನಿಂತ ಮೈಗೆ ಒಂದು ಚದರ ಮೀಟರಿಗೆ ಮೂರೂವರೆ ಟನ್ನಿನಷ್ಟು ಬೀಳುತ್ತದೆ. ನಿನ್ನ ದೋಣಿ, ಇಂಜಿನ್, ಪೆಟ್ರೋಲ್, ಏಳು ಜನ ಎಲ್ಲ ಸೇರಿ 970 ಕೆಜಿ ಇರಬಹುದು. ಎದ್ದ ದೋಣಿ ಮೂರು ಚದರ ಮೀಟರ್ ನೀರಿಗೆ ತಾಗಿದ್ದರೂ ಚದರ ಮೀಟರಿಗೆ 320 ಕೆಜಿ ಸಾಕು. ಇರುವ ಒತ್ತಡದಲ್ಲಿ ಹತ್ತರಲ್ಲಿ ಒಂದು ಪಾಲೂ ಬೇಡ. ಅದಕ್ಕೇ ಕಲ್ಲಿನಂತೆ 20 ಡಿಗ್ರಿ ಓರೆ ಬೇಕಾಗಿಲ್ಲ. ಕಲ್ಲು ಒಂದು ಕ್ಷಣ ತಾಗಿ ಹಾರುತ್ತದೆ. ದೋಣಿ ತಾಗಿಕೊಂಡೇ ಓಡಬೇಕು. ಅದಕ್ಕೆ 3ರಿಂದ 5 ಡಿಗ್ರಿ ಬೇಕಾದಷ್ಟಾಯಿತು.

ಈ ಡಿಗ್ರಿ ಮುಖ್ಯ, ಇಲ್ಲೇ ದುಡ್ಡು ಹೋಗುವುದು. ಓರೆಯಾದ ಅಡಿಯ ಮೇಲೆ ನೀರು ಒತ್ತುವಾಗ ಬರೀ ಮೇಲಕ್ಕೆ ಒತ್ತುವುದಿಲ್ಲ, ಸ್ವಲ್ಪ ಹಿಂದಕ್ಕೂ ಒತ್ತುತ್ತದೆ. 4 ಡಿಗ್ರಿ ಓರೆಗೆ ತೂಕದ ನೂರಕ್ಕೆ 7 ಪಾಲು. ನಿನ್ನ ಲೆಕ್ಕದಲ್ಲಿ 68 ಕೆಜಿ. ಮೂತಿ 10 ಡಿಗ್ರಿಗೆ ಎದ್ದರೆ ನೂರಕ್ಕೆ 17 ಪಾಲು ದಾಟುತ್ತದೆ, 170 ಕೆಜಿ. ನೀರಿನ ತಿಕ್ಕಾಟ ಬೇರೆ. ಆ ವೇಗದಲ್ಲಿ ಫ್ಯಾನು ಅರ್ಧ ಶಕ್ತಿಯನ್ನು ಸುಮ್ಮನೆ ನೀರು ಕಡೆಯಲು ಖರ್ಚು ಮಾಡುತ್ತಿರುತ್ತದೆ. ನಿನ್ನ 40 ಎಚ್‌ಪಿ ಎಲ್ಲಿ ಹೋಯಿತು ಅಂತ ಗೊತ್ತಾಯಿತಲ್ಲ.

1964ರಲ್ಲಿ ಅಮೆರಿಕದ ಡೇನಿಯಲ್ ಸವಿಟ್ಸ್‌ಕಿ ಎನ್ನುವವರು ತೊಟ್ಟಿಯಲ್ಲಿ ಮಾದರಿಗಳನ್ನು ಎಳೆದು ಸಿಕ್ಕ ಅಳತೆಗಳಿಂದ ಇದಕ್ಕೆಲ್ಲ ಸೂತ್ರ ಕಟ್ಟಿಕೊಟ್ಟರು. ನಮ್ಮ ಯಾರ್ಡಿನ ಡಿಸೈನರ್ ಹೊಸ ದೋಣಿಗೆ ಇಂಜಿನ್ ಲೆಕ್ಕ ಹಾಕುವಾಗ ಅದನ್ನೇ ಕಂಪ್ಯೂಟರಿನಲ್ಲಿ ಹಾಕುತ್ತಿದ್ದ.

ಈಗ ನಿನ್ನ ಮೊದಲ ಪ್ರಶ್ನೆ. ಇಂಜಿನ್ ಅದೇ, ದೋಣಿ ಅದೇ, ಹೋದ ವರ್ಷ ಎದ್ದಿತ್ತು, ಈ ವರ್ಷ ಏಳುವುದಿಲ್ಲ. ಅಂದರೆ ಮಳೆಗಾಲದಲ್ಲಿ ಏನೋ ಆಗಿದೆ. ಗಂಗೊಳ್ಳಿಯವರು ಹೇಳಿದ್ದನ್ನು ಮೊದಲು ಮಾಡು. ಆಮೇಲೆ ನನಗೆ ಮೂರು ಉತ್ತರ ಬೇಕು. ಮಳೆಗಾಲದಲ್ಲಿ ದೋಣಿ ಯಾವುದರ ಮೇಲೆ ಕೂತಿತ್ತು? ಅಡಿಗೆ ಯಾರಾದರೂ ರಿಪೇರಿ ಮಾಡಿದ್ದಾರಾ? ನೆಲದ ಹಲಗೆಯ ಕೆಳಗೆ ಮುಚ್ಚಿದ ಜಾಗ ಇದೆಯಾ, ಅದರಲ್ಲಿ ಏನಿದೆ?

ಶರಾವತಿ ದಂಡೆ

ಅಣ್ಣ, ತುಂಬಾ ಧನ್ಯವಾದ. ಮೂರು ಸಲ ಓದಿದೆ.

ಪಿನ್ ಮೂರನೇ ತೂತಿನಲ್ಲಿತ್ತು, ಮೊದಲನೆಯದಕ್ಕೆ ಹಾಕಿದೆ. ಟ್ಯಾಂಕ್ ಮುಂದೆ ತಂದೆ. ಈಗ ನಾಲ್ಕು ಜನರಿಗೆ ಏಳುತ್ತದೆ. ಐದನೆಯವರು ಹತ್ತಿದರೆ ಮತ್ತೆ ಅದೇ ಹಾಡು.

ಮಳೆಗಾಲದಲ್ಲಿ ಎರಡು ಲಾರಿ ಟೈರಿನ ಮೇಲೆ ಇತ್ತು, ಮೇಲೆ ಟಾರ್ಪಾಲು. ಅಡಿಗೆ ರಿಪೇರಿ ಆಗಿದೆ. ಹಿಂಭಾಗದಲ್ಲಿ ಕಲ್ಲಿಗೆ ತಾಗಿ ಅಂಚುಗಳು ಕಿತ್ತುಹೋಗಿದ್ದವು. ಒಬ್ಬರು ಬಂದು ಎರಡು ಪದರ ಮ್ಯಾಟ್ (ಫೈಬರ್ ಎಳೆಗಳ ಹಾಸು) ಹಾಕಿ, ಉಜ್ಜಿ, ಬಣ್ಣ ಹೊಡೆದರು. ಕೆಲಸ ಮಾತ್ರ ಬಹಳ ನುಣ್ಣಗೆ, ಹೊಸ ದೋಣಿಗಿಂತ ಚೆಂದ. ನೆಲದ ಕೆಳಗೆ ಮುಚ್ಚಿದ ಜಾಗ ಇದೆ, ಫೋಮ್ ತುಂಬಿದ್ದಾರೆ ಅಂತ ಚಿಕ್ಕಪ್ಪ ಹೇಳುತ್ತಾರೆ.

ಹಳೇ ಮೆಕ್ಯಾನಿಕ್

"ನುಣ್ಣಗೆ" ಅಂದೆಯಲ್ಲ, ಅಲ್ಲೇ ನನಗೆ ಅನುಮಾನ ಬಂತು.

ಅಡುಗೆಮನೆಗೆ ಹೋಗು. ತಂಬಿಗೆಯಲ್ಲಿ ನೀರು ತುಂಬಿ ಮೆಲ್ಲಗೆ ಬಗ್ಗಿಸು. ನೀರು ನೇರ ಕೆಳಗೆ ಬೀಳುವ ಬದಲು ತಂಬಿಗೆಯ ಬಾಯಿ ಸುತ್ತಿಕೊಂಡು ಹೊರಮೈಗೆ ಅಂಟಿ ಇಳಿಯುತ್ತದೆ. ಕಾಫಿ ಲೋಟದಿಂದ ಬಟ್ಟಲಿಗೆ ಸುರಿಯುವಾಗ ಮೇಜಿನ ಮೇಲೆ ಚೆಲ್ಲುವುದೂ ಹೀಗೇ. ದುಂಡಗಿನ ಅಂಚನ್ನು ನೀರು ಬಿಡುವುದಿಲ್ಲ, ಅಪ್ಪಿಕೊಂಡು ತಿರುಗುತ್ತದೆ. ಚೂಪಾದ ಅಂಚು ಇದ್ದರೆ ತಿರುಗಲು ಆಗದೆ ಕಳಚಿಕೊಳ್ಳುತ್ತದೆ. ಮನೆಯ ಸಜ್ಜಾ ಕೆಳಗೆ ಗಾರೆಯವರು ಒಂದು ಗೆರೆ ಕೊರೆಯುತ್ತಾರಲ್ಲ, ಮಳೆನೀರು ಗೋಡೆಗೆ ಬರದ ಹಾಗೆ, ಅದೂ ಇದಕ್ಕೇ.

ಇನ್ನೊಂದು. ನಲ್ಲಿ ಜೋರಾಗಿ ಬಿಡು. ಸೌಟಿನ ಕಡ್ಡಿಯ ತುದಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು, ಸೌಟಿನ ಉಬ್ಬಿದ ಬೆನ್ನನ್ನು ನೀರಿನ ಧಾರೆಗೆ ತಾಗಿಸು. ಧಾರೆ ಅದನ್ನು ಆಚೆ ತಳ್ಳುತ್ತದೆ ಅಂದುಕೊಂಡಿರುತ್ತೀಯ. ಒಳಕ್ಕೆ ಎಳೆದುಕೊಳ್ಳುತ್ತದೆ! ಉಬ್ಬಿದ ಮೈಯನ್ನು ಸುತ್ತಿ ಹೋಗುವ ನೀರು ಆ ಮೈಯನ್ನು ತನ್ನ ಕಡೆ ಎಳೆಯುತ್ತದೆ.

ನಿನ್ನ ದೋಣಿಯ ಹಿಂಭಾಗದಲ್ಲಿ ಅಡಿ ಮತ್ತು ಹಿಂದಿನ ಹಲಗೆ ಸೇರುವ ಅಂಚು ಚಾಕುವಿನಂತೆ ಇರಬೇಕು. ಅಡಿಯ ನೀರು ಅಲ್ಲಿಗೆ ಬಂದು ಥಟ್ಟನೆ ಕಳಚಿಕೊಂಡು ಹಿಂದಕ್ಕೆ ಹಾರಬೇಕು. ಎದ್ದ ದೋಣಿಯ ಹಿಂದಿನ ಹಲಗೆ ಒಣಗಿರುತ್ತದೆ, ಗಮನಿಸಿದ್ದೀಯಾ? ಅಂಚು ದುಂಡಗಾದರೆ ನೀರು ಸುತ್ತಿಕೊಂಡು ಹಲಗೆ ಹತ್ತುತ್ತದೆ, ಹಿಂಭಾಗವನ್ನು ಕೆಳಕ್ಕೆ ಎಳೆಯುತ್ತದೆ. ಹಿಂಭಾಗ ಕೆಳಗೆ, ಮೂತಿ ಮೇಲೆ, 10 ಡಿಗ್ರಿ, 170 ಕೆಜಿ. ಪಕ್ಕದ ಅಂಚುಗಳಿಗೂ ಇದೇ ಮಾತು. ಅವು ದುಂಡಗಿದ್ದರೆ ನೀರು ಪಕ್ಕದ ಮೈಮೇಲೆ ಹತ್ತಿ ಒದ್ದೆ ಮಾಡುತ್ತದೆ, ಒದ್ದೆಯಾದಷ್ಟೂ ತಿಕ್ಕಾಟ. ಅಡಿಯಲ್ಲಿ ಉದ್ದಕ್ಕೂ ಪಟ್ಟಿಗಳನ್ನು ಅಂಟಿಸಿರುವುದು ಸಿಂಗಾರಕ್ಕಲ್ಲ, ನೀರನ್ನು ಕಳಚಲು.

ರಿಪೇರಿ ಮಾಡಿದವನನ್ನು ಬೈಯಬೇಡ. ಮ್ಯಾಟ್ ಚೂಪು ಅಂಚಿಗೆ ಬಗ್ಗುವುದಿಲ್ಲ, ಗುಳ್ಳೆ ಏಳುತ್ತದೆ. ಅದಕ್ಕೆ ಎಲ್ಲರೂ ಮೊದಲು ಅಂಚು ದುಂಡಗೆ ಉಜ್ಜಿಕೊಂಡು ಮೇಲೆ ಮ್ಯಾಟ್ ಹಾಕುತ್ತಾರೆ. ಆಮೇಲೆ ರೆಸಿನ್ ತುಂಬಿ ಅಂಚು ವಾಪಸ್ ಎಬ್ಬಿಸಬೇಕು. ಆ ಕಡೆಯ ಕೆಲಸ ಬಿಟ್ಟಿರುತ್ತಾರೆ. ನಾನೂ ಶುರುವಿನಲ್ಲಿ ಒಂದು ದೋಣಿಗೆ ಹೀಗೇ ಮಾಡಿ, ಫೋರ್‌ಮ್ಯಾನ್ ನನ್ನನ್ನು ಎಲ್ಲರೆದುರು ಕರೆದು ಆ ಅಂಚಿನ ಮೇಲೆ ಬೆರಳು ಆಡಿಸು ಅಂದಿದ್ದ. ಆಡಿಸಿದೆ. "ಕೊಯ್ದಿತಾ?" ಅಂದ. ಇಲ್ಲ ಅಂದೆ. "ಹಾಗಾದರೆ ಕೆಲಸ ಮುಗಿದಿಲ್ಲ" ಅಂದ.

ಮಾಡಬೇಕಾದ್ದು ಇಷ್ಟು. ದೋಣಿ ಮೇಲೆ ತೆಗೆ. ಉಗುರಿನಿಂದ ಹಿಂದಿನ ಅಂಚು ಕೆರೆ. ಉಗುರು ಹೆರೆಯಬೇಕು, ಜಾರಿದರೆ ತಪ್ಪು. ಗಾರೆ ಕೆಲಸದವರ ಹತ್ತಿರ ಅಲ್ಯುಮಿನಿಯಂ ಪಟ್ಟಿ ಇರುತ್ತದೆ, ಆರಡಿಯದ್ದು. ಅದನ್ನು ಅಡಿಗೆ ಹಿಂದಿನಿಂದ ಮುಂದಕ್ಕೆ ಉದ್ದಕ್ಕೆ ಹಿಡಿ. ಹಿಂದಿನ ಐದಾರು ಅಡಿ ನೇರ ಇರಬೇಕು. ಟೈರಿನ ಮೇಲೆ ಮೂರು ತಿಂಗಳು ಕೂತ ಜಾಗ ಒಳಕ್ಕೆ ಹೋಗಿದ್ದರೆ ಬೆಳಕು ಕಾಣುತ್ತದೆ. ಹೊರಕ್ಕೆ ಉಬ್ಬಿದ್ದರೆ ಪಟ್ಟಿ ತೂಗಾಡುತ್ತದೆ, ಅದು ಸೌಟಿನ ಬೆನ್ನು.

ಕೊನೆಯದು ತೂಕ. ಇಂಜಿನ್, ಟ್ಯಾಂಕ್ ಬಿಚ್ಚಿ ದೋಣಿಯನ್ನು ಮಿನಿ ಲಾರಿಗೆ ಏರಿಸಿ ವೇಬ್ರಿಡ್ಜಿಗೆ ಹೋಗು. ಖಾಲಿ ಲಾರಿ ಒಂದು ಸಲ, ದೋಣಿ ಸಮೇತ ಒಂದು ಸಲ. ಕೊಂಡಾಗಿನ ಬಿಲ್ಲಿನಲ್ಲಿ ತೂಕ ಬರೆದಿರುತ್ತಾರೆ, ಹುಡುಕು.

ಜಯನಗರ ನಾಲ್ಕನೇ ಬ್ಲಾಕ್

ಸೌಟಿನ ಪ್ರಯೋಗ ಈಗಷ್ಟೇ ಮಾಡಿದೆ. ಅಂಗಿ ಪೂರ್ತಿ ಒದ್ದೆ. ಗಾಳಿಯ ಮಾತು ವಾಪಸ್ ತಗೊಂಡಿದ್ದೇನೆ.

ಒಂದು ಕುತೂಹಲ. ಈ ಉಪಾಯ ಮೊದಲು ಹೊಳೆದದ್ದು ಯಾರಿಗೆ? ಮತ್ತೆ, ಅಡಿ ಚಪ್ಪಟೆ ಇದ್ದರೇ ಎತ್ತುವುದು ಚೆನ್ನಾಗಿ ಆಗುತ್ತದೆ ಅಂದಮೇಲೆ ಸಮುದ್ರದ ಸ್ಪೀಡ್‌ಬೋಟ್‌ಗಳ ಅಡಿ ಯಾಕೆ ವಿ ಆಕಾರದಲ್ಲಿರುತ್ತದೆ?

ಹಳೇ ಮೆಕ್ಯಾನಿಕ್

ಹೊಳೆದದ್ದು ಒಬ್ಬ ಪಾದ್ರಿಗೆ! 1872ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಕಡೆಯ ಚಾರ್ಲ್ಸ್ ಮೀಡ್ ರೇಮಸ್ ಎನ್ನುವ ಪಾದ್ರಿ ಅಲ್ಲಿನ ನೌಕಾಪಡೆಗೆ ಒಂದು ಸಲಹೆ ಕೊಟ್ಟ. ಹಡಗಿನ ಅಡಿಯನ್ನು ಎರಡು ಬೆಣೆ ಒಂದರ ಹಿಂದೆ ಒಂದು ಇಟ್ಟಂತೆ ಮಾಡಿ, ವೇಗವಾಗಿ ಓಡಿಸಿದರೆ ಹಡಗು ನೀರಿನಿಂದ ಮೇಲೇಳುತ್ತದೆ ಅಂತ. ನೌಕಾಪಡೆಯವರು ಅದನ್ನು ವಿಲಿಯಂ ಫ್ರೌಡ್‌ಗೆ ಕೊಟ್ಟರು. ಫ್ರೌಡ್ ಟಾರ್ಕೀ ಊರಿನಲ್ಲಿ ಉದ್ದದ ತೊಟ್ಟಿ ಕಟ್ಟಿ ಹಡಗಿನ ಮಾದರಿಗಳನ್ನು ಎಳೆದು ಅಳೆಯುತ್ತಿದ್ದವನು. ಅಲೆ, ಉದ್ದ, ವೇಗದ ಲೆಕ್ಕಕ್ಕೆ ಇವತ್ತೂ ಅವನದೇ ಹೆಸರು. ಎಳೆದು ನೋಡಿದ. ಅಷ್ಟು ವೇಗ ಕೊಡುವ ಉಗಿ ಇಂಜಿನ್ ಹೊತ್ತುಕೊಂಡು ಯಾವ ಹಡಗೂ ಏಳುವುದಿಲ್ಲ ಅಂತ ಗೊತ್ತಾಯಿತು. ಪಾದ್ರಿಯ ಲೆಕ್ಕ ತಪ್ಪಾಗಿರಲಿಲ್ಲ, ಇಂಜಿನ್ ಭಾರ ಜಾಸ್ತಿ ಇತ್ತು. ಪೆಟ್ರೋಲ್ ಇಂಜಿನ್ ಬಂದ ಮೇಲೆ, ಇಪ್ಪತ್ತನೇ ಶತಮಾನದ ಶುರುವಿನಲ್ಲಿ, ದೋಣಿಗಳು ಏಳತೊಡಗಿದವು. ನಿನ್ನ ಚಿಕ್ಕಪ್ಪನಿಗೂ ಇದನ್ನು ಹೇಳು ತಮ್ಮಾ. 60 ಎಚ್‌ಪಿ ಇಂಜಿನ್ ಶಕ್ತಿಯನ್ನಷ್ಟೇ ತರುವುದಿಲ್ಲ, ತೂಕವನ್ನೂ ತರುತ್ತದೆ. ಅದೂ ಸರಿಯಾಗಿ ಹಿಂದಿನ ಹಲಗೆಯ ಮೇಲೆ.

ವಿ ಆಕಾರ ಸೊಂಟಕ್ಕಾಗಿ. ಚಪ್ಪಟೆ ಅಡಿ ಬೇಗ ಏಳುತ್ತದೆ, ಕಡಿಮೆ ಪೆಟ್ರೋಲ್ ಕುಡಿಯುತ್ತದೆ. ಆದರೆ ಕಡಲಲ್ಲಿ ತೆರೆಯಿಂದ ತೆರೆಗೆ ಬೀಳುವಾಗ ಅಂಗೈಯಿಂದ ನೀರಿಗೆ ಹೊಡೆದಂತೆ. ವಿ ಅಡಿ ಅಂಗೈಯನ್ನು ಓರೆ ಮಾಡಿ ಇಳಿಸಿದಂತೆ. 1960ರಲ್ಲಿ ಮಯಾಮಿಯಿಂದ ನಸ್ಸಾವುಗೆ ಒಂದು ದೋಣಿ ಪಂದ್ಯ ನಡೆಯಿತು. ಕಡಲು ಕೆರಳಿತ್ತು. ರೇ ಹಂಟ್ ಡಿಸೈನ್ ಮಾಡಿದ, ಆಳದ ವಿ ಆಕಾರದ ಅಡಿಯ ದೋಣಿ, ಮಾಪಿ ಅಂತ ಹೆಸರು, ಅದೇ ಗೆದ್ದಿತು. ಆಮೇಲೆ ಎಲ್ಲರೂ ಆ ದಾರಿ ಹಿಡಿದರು. ಅಳಿವೆಯ ಒಳಗೆ ಓಡಿಸುವವನಿಗೆ ಅಷ್ಟು ಆಳದ ವಿ ಬೇಕಾಗಿಲ್ಲ. ಹೊನ್ನಾವರದ ದೋಣಿಗೆ ಹಿಂಭಾಗ ಬಹುತೇಕ ಚಪ್ಪಟೆ, ಮೂತಿಯಲ್ಲಿ ವಿ ಇದ್ದರೆ ಸಾಕು.

ಶರಾವತಿ ದಂಡೆ

ಎರಡು ವಾರ ಬರಲಿಲ್ಲ, ಕ್ಷಮಿಸಿ. ಇಂಟರ್ನಲ್ ಪರೀಕ್ಷೆ ಇತ್ತು, ಮಧ್ಯೆ ದೋಣಿ ಕೆಲಸ.

ಉಗುರು ಜಾರಿತು. ಹಿಂದಿನ ಅಂಚು ಪೂರ್ತಿ ದುಂಡಗೆ, ಬಳೆ ಇಟ್ಟರೆ ಕೂರುವ ಹಾಗೆ. ಪಟ್ಟಿ ಹಿಡಿದಾಗ ಟೈರಿನ ಜಾಗದಲ್ಲಿ ಏನೂ ಇರಲಿಲ್ಲ, ಹಿಂದಿನ ಒಂದಡಿ ಮಾತ್ರ ಮೇಲಕ್ಕೆ ಬಾಗಿತ್ತು, ತುದಿಯಲ್ಲಿ 6 ಮಿ.ಮೀ. ಸಂದು. ಉಜ್ಜಿ ಉಜ್ಜಿ ಹಾಗಾಗಿರಬೇಕು.

ತೂಕದ್ದು ಕೇಳಿ. ಬಿಲ್ಲಿನಲ್ಲಿ 380 ಕೆಜಿ. ವೇಬ್ರಿಡ್ಜಿನಲ್ಲಿ 480! ಚಿಕ್ಕಪ್ಪ ಯಂತ್ರವೇ ಸರಿ ಇಲ್ಲ ಅಂತ ಮತ್ತೊಂದು ಕಡೆ ತೂಗಿಸಿದರು. ಅಲ್ಲೂ 480. ನೆಲದ ಹಲಗೆಯ ಹಿಂಬದಿಯಲ್ಲಿ ತೂತು ಕೊರೆದೆವು. ಕಂದು ನೀರು ಬಂತು, ಬರುತ್ತಲೇ ಇತ್ತು. ಕೊಡದಲ್ಲಿ ಹಿಡಿದು ಅಳೆದೆ, 50 ಲೀಟರ್ ಹತ್ತಿರ. ಮೂತಿ ಎತ್ತಿದ ಕೂಡಲೇ ಅಷ್ಟೂ ನೀರು ಹಿಂದಕ್ಕೆ ಓಡಿ ಹಿಂಭಾಗದಲ್ಲಿ ಕೂರುತ್ತಿತ್ತು ಅಲ್ವಾ? ಟಾರ್ಪಾಲು ಹರಿದದ್ದನ್ನು ನಾನೇ ನೋಡಿ ಸುಮ್ಮನಿದ್ದೆ. ಅದನ್ನು ಚಿಕ್ಕಪ್ಪನಿಗೆ ಹೇಳಿಲ್ಲ. ಫೋಮ್ ಹಿಂದಿನ ಭಾಗದ್ದು ಸ್ಪಂಜಿನಂತೆ ಆಗಿತ್ತು, ಕಿತ್ತು ಹೊಸದು ತುಂಬಿದ್ದೇವೆ.

ಅಂಚು ಹೇಗೆ ಎಬ್ಬಿಸುವುದು?

ಹಳೇ ಮೆಕ್ಯಾನಿಕ್

ಒಂದು ಫಾರ್ಮಿಕಾ ತುಂಡು ತಗೊ, ದೋಣಿಯ ಅಗಲಕ್ಕೆ. ಹೊಳೆಯುವ ಬದಿಗೆ ಮೇಣ ತಿಕ್ಕು, ಮೂರು ಸಲ. ಹಿಂದಿನ ಹಲಗೆಗೆ ಅದನ್ನು ಒತ್ತಿ ಕಟ್ಟು, ಅಡಿಗಿಂತ ಒಂದಿಂಚು ಹೊರಗೆ ಬರಲಿ. ಈಗ ಫಾರ್ಮಿಕಾ ಮತ್ತು ದುಂಡಗಿನ ಅಂಚಿನ ನಡುವೆ ಒಂದು ಸಂದು ಇರುತ್ತದೆ. ಹಳೆಯ ಬಣ್ಣವನ್ನು ಗ್ರೈಂಡರಿನಲ್ಲಿ ಕೆರೆದು ಫೈಬರ್ ಕಾಣಬೇಕು, ಇಲ್ಲದಿದ್ದರೆ ಹಿಡಿಯುವುದಿಲ್ಲ. ಸಂದಿಗೆ ಎಪಾಕ್ಸಿಯಲ್ಲಿ ಕತ್ತರಿಸಿದ ಫೈಬರ್ ಎಳೆ ಕಲಸಿ ಚಪಾತಿ ಹಿಟ್ಟಿನ ಹದಕ್ಕೆ ತಂದು ತುಂಬು. ಆ 6 ಮಿ.ಮೀ. ಬಾಗನ್ನೂ ಇದರಲ್ಲೇ ಮುಚ್ಚಿ, ಅಲ್ಯುಮಿನಿಯಂ ಪಟ್ಟಿಯಿಂದ ಗಾರೆ ಎಳೆದಂತೆ ಎಳೆ. ಒಂದು ದಿನ ಬಿಡು. ಫಾರ್ಮಿಕಾ ಕಿತ್ತರೆ ಚೂಪು ಅಂಚು ತಾನಾಗಿ ಸಿಗುತ್ತದೆ. ಆಮೇಲೆ ಯಾರಿಗೂ ಉಜ್ಜಲು ಕೊಡಬೇಡ.

ಶರಾವತಿ ದಂಡೆ

ಇವತ್ತು ಬೆಳಿಗ್ಗೆ ಇಳಿಸಿದೆವು. ಆರು ಜನ ಪ್ರವಾಸಿಗಳು ಸಿಗಲಿಲ್ಲ, ಗೆಳೆಯರನ್ನೇ ಕೂರಿಸಿದೆ. ಅದರಲ್ಲಿ ಇಬ್ಬರು ಒಬ್ಬೊಬ್ಬರೇ ಒಂದೂವರೆ ಜನಕ್ಕೆ ಸಮ. ಮೂತಿ ಎದ್ದಿತು, ನನ್ನ ಎದೆ ಧಸಕ್ ಅಂದಿತು. ಎಣಿಸಿದೆ. ಒಂಬತ್ತಕ್ಕೆ ಮೂತಿ ಇಳಿಯಿತು. ಹಿಂದೆ ತಿರುಗಿ ನೋಡಿದರೆ ಹಿಂದಿನ ಹಲಗೆ ಒಣಗಿತ್ತು! ನೀರು ಅಂಚಿನಿಂದ ಗಾಜಿನ ಹಾಳೆಯಂತೆ ಹಿಂದಕ್ಕೆ ಹೋಗುತ್ತಿತ್ತು. ವೇಗ 31. ಪಿನ್ ವಾಪಸ್ ಮೂರನೇ ತೂತಿಗೆ ಹಾಕಿದರೆ 33.

ಆದರೆ ಒಂದು ಹೊಸ ತೊಂದರೆ. ಅವರನ್ನೆಲ್ಲ ಇಳಿಸಿ ನಾನೊಬ್ಬನೇ ಬರುವಾಗ, 35 ದಾಟಿದ ಮೇಲೆ ಮೂತಿ ಒಂದೇ ಸಮ ಮೇಲೆ ಕೆಳಗೆ ಕುಪ್ಪಳಿಸಲು ಶುರು. ನೀರು ನೆಟ್ಟಗಿತ್ತು, ಅಲೆ ಇರಲಿಲ್ಲ.

ಗಂಗೊಳ್ಳಿ ಬಲೆ

ಹಂದಿಮೀನು ಹಾರಿದ ಹಾಗೆ ಅಲ್ವಾ? ಒಬ್ಬನೇ ಹಿಂದೆ ಕೂತಿರುತ್ತೀರಿ, ಪಿನ್ ಮೂರನೇ ತೂತಿನಲ್ಲಿ. ಮೂತಿ ಜಾಸ್ತಿ ಎದ್ದು, ನೀರಿಗೆ ತಾಗಿರುವ ಜಾಗ ಕಡಿಮೆಯಾಗಿ, ದೋಣಿ ತೊಟ್ಟಿಲಾಗುತ್ತದೆ. ಪಿನ್ ಎರಡನೇ ತೂತಿಗೆ ಹಾಕಿ. ಅಲ್ಲಿಯವರೆಗೆ ಕುಪ್ಪಳಿಸಿದ ಕೂಡಲೇ ವೇಗ ಇಳಿಸಿ, ಹಟ ಮಾಡಬೇಡಿ.

ಹಳೇ ಮೆಕ್ಯಾನಿಕ್

ಅದೇ. ಎರಡನೇ ತೂತು. ಒಬ್ಬನೇ ಬರುವಾಗ ಟ್ಯಾಂಕ್ ಮುಂದೇ ಇರಲಿ. ಚಿಕ್ಕಪ್ಪ ಏನಂದರು?

ಶರಾವತಿ ದಂಡೆ

ಎರಡನೇ ತೂತಿನಲ್ಲಿ ಕುಪ್ಪಳಿಸುವುದು ನಿಂತಿತು.

ಚಿಕ್ಕಪ್ಪ ದಂಡೆಯ ಮೇಲೆ ನಿಂತು ಎಲ್ಲ ನೋಡಿದರು. ನಿನ್ನೆ ಸಂಜೆ ಅವರು ನನಗೆ ಹೇಳದೆ ಇಂಜಿನ್ನಿಗೆ ಹೊಸ ಸ್ಪಾರ್ಕ್ ಪ್ಲಗ್ ಹಾಕಿದ್ದರಂತೆ. "ನೋಡು, ನಾನು ಮೊದಲೇ ಹೇಳಿದ್ದೆ, ಇಂಜಿನ್ನಿನದೇ ತೊಂದರೆ" ಅಂದರು. ಟಾರ್ಪಾಲಿನ ವಿಷಯ ಇರುವುದರಿಂದ ನಾನು ಹೂಂ ಅಂದೆ.